ಕಣ್ಣಿಗೆ ಕೈಯ ಆಣತಿ

ಕಣ್ಣು ಮೊದಲು ಎಲ್ಲವನ್ನೂ ಕಂಡು, ಆ ಬಳಿಕ ಕೈ ಕೆಲಸಕ್ಕೆ ತೊಡಗುವುದೆಂದು ನಾವು ಭಾವಿಸುವುದುಂಟು. 2002ರಲ್ಲಿ ಬೆಕ್ಕರಿಂಗ್ ಮತ್ತು ನೆಗ್ಗರ್ಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವು ಬೇರೆಯದನ್ನೇ ತೋರಿಸಿತು. ಬಣ್ಣವೂ ವಾಲಿದ ದಿಕ್ಕೂ ಬೇರೆಬೇರೆಯಾದ ಹಲವು ವಸ್ತುಗಳ ನಡುವೆ, ಮೊದಲೇ ಗೊತ್ತುಮಾಡಿದ ಒಂದನ್ನು ಹುಡುಕಬೇಕು. ಒಮ್ಮೆ ಅದನ್ನು ಬೆರಳಿನಿಂದ ತೋರಿಸಬೇಕು, ಇನ್ನೊಮ್ಮೆ ಕೈಯಿಂದ ಹಿಡಿಯಬೇಕು. ತೋರಿಸುವಾಗಿಗಿಂತ ಹಿಡಿಯಲು ಹೊರಟಾಗ, ಬೇರೆ ದಿಕ್ಕಿಗೆ ವಾಲಿದ ವಸ್ತುಗಳತ್ತ ಕಣ್ಣು ತಪ್ಪಿ ಹೊರಳುವುದು ಕಡಮೆಯಾಯಿತು. ಬಣ್ಣದ ವಿಷಯದಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಾಣಲಿಲ್ಲ. ಇದೇಕೆ? ವಾಲಿದ ವಸ್ತುವನ್ನು ಹಿಡಿಯಲು ಮಣಿಕಟ್ಟನ್ನೂ ಅದಕ್ಕೆ ತಕ್ಕಂತೆ ತಿರುಗಿಸಬೇಕು. ಬಣ್ಣವನ್ನು ಕಟ್ಟಿಕೊಂಡು ಬೆರಳಿಗೇನು ಆಗಬೇಕಾಗಿದೆ! ಇನ್ನೊಂದನ್ನು ವಾಚಕರು ಗಮನಿಸಬೇಕು: ಕಣ್ಣು ಹಾಗೆ ಆಯ್ದುಕೊಂಡಾಗ ಕೈ ಇನ್ನೂ ವಸ್ತುವನ್ನು ಮುಟ್ಟಿರಲಿಲ್ಲ. ಹಿಡಿಯಬೇಕೆಂಬ ಸಂಕಲ್ಪವೇ ನೋಟವನ್ನು ತಿದ್ದಿತ್ತು.