ನಿಮಗಿದು ಗೊತ್ತೇ? ಮನೆಯವರ ಆರೈಕೆ ಮಾಡುವ ಶಾಲಾ ಮಕ್ಕಳು

ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ ಕುಡಿಸಿ, ಅಪ್ಪನ ಮಾತ್ರೆ ಎತ್ತಿಟ್ಟು ಶಾಲೆಗೆ ಓಡಿಬರುವ ಮಕ್ಕಳಿದ್ದಾರೆ. ಅವರಿಗೆ ಆಸರೆಯಾಗುವ ಕೆಲವು ಸಂಗತಿಗಳು ಇಲ್ಲಿವೆ.

● ನಮ್ಮ ಶಂಕರಘಟ್ಟದಿಂದ ಶಿವಮೊಗ್ಗಕ್ಕೆ ಸುಮಾರು 28 ಕಿ.ಮೀ. ರೋಗಿಯ ಜೊತೆಗೆ ಅಲ್ಲಿನ ಮೆಗ್ಗಾನ್ ಆಸ್ಪತ್ರೆಗೆ ಹೋದ ಮಗುವಿಗೆ ಅಂದಿನ ಪಾಠ ತಪ್ಪಿದಂತೆಯೇ.

● ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಿ ಬೇಕು. ಗೈರಿನ ಕಾರಣವನ್ನು ಫೆಬ್ರುವರಿಯಲ್ಲಿ ಕೇಳಿದರೆ ತಡವಾಯಿತು, ಜುಲೈನಲ್ಲೇ ಕೇಳಬೇಕು.

● 2024ರಲ್ಲಿ ರಾಜ್ಯದಲ್ಲಿ ಮೊದಲ ಸಲ ಒಂದೇ ವರ್ಷ ಮೂರು ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ನಡೆದವು. ಮನೆಯ ಕಷ್ಟದಿಂದ ಒಂದು ಪರೀಕ್ಷೆ ಕೈತಪ್ಪಿದರೆ ಇಡೀ ವರ್ಷ ಕಳೆದುಕೊಳ್ಳಬೇಕಿಲ್ಲ.

● ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಜನವರಿಯಿಂದ ಏಪ್ರಿಲ್‌ವರೆಗೆ ಅದರ ಕಾಟ ಹೆಚ್ಚು. ಪರೀಕ್ಷೆಯ ಕಾಲವೂ ಅದೇ. ಅದು ಹರಡುವುದು ಉಣುಗಿನ ಕಡಿತದಿಂದ, ರೋಗಿಯಿಂದಲ್ಲ. ರೋಗಿಯನ್ನು ನೋಡಿಕೊಳ್ಳುವ ಮಗುವನ್ನು ತರಗತಿಯಲ್ಲಿ ದೂರ ಕೂರಿಸಬೇಡಿ.

● 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಿಕ್ಕ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ, ಕೆಲ ದಿನ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆ ಮುಂದುವರಿಸಬಹುದು. ದೊಡ್ಡ ತರಗತಿಗಳಿಗೂ ಈ ಔದಾರ್ಯ ಬೇಕು.

● ತಂದೆ-ತಾಯಿ ಮಾರಕ ರೋಗಕ್ಕೆ ತುತ್ತಾಗಿದ್ದರೆ, ಇಲ್ಲವೇ ಮಕ್ಕಳನ್ನು ಸಾಕಲಾಗದಷ್ಟು ಅಶಕ್ತರಾಗಿದ್ದರೆ, ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ವಿಚಾರಿಸಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

● ಇಂಗ್ಲೆಂಡಿನ ಶಾಲಾ ಗಣತಿಯಲ್ಲಿ 2023ರಿಂದ ಮನೆಯವರ ಆರೈಕೆ ಮಾಡುವ ಮಕ್ಕಳನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ. ನಮ್ಮ ಹಾಜರಿ ಪುಸ್ತಕದಲ್ಲಿ ಅವರು ಬರೀ ‘ಗೈರು’.

● ತುರ್ತು ನೆರವಿಗೆ ಮಕ್ಕಳ ಸಹಾಯವಾಣಿ 1098. ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ 14416. 2022ರಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ, ದಿನದ 24 ಗಂಟೆಯೂ ಲಭ್ಯ.

● ಈ ನೆರವು ಯಾವುದೂ ಮಗುವನ್ನು ಹುಡುಕಿಕೊಂಡು ಬರುವುದಿಲ್ಲ. ಮೇಷ್ಟ್ರೇ, ಟೀಚರೇ, ತಡವಾಗಿ ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವ ಮೊದಲು ಒಂದು ಮಾತು ಕೇಳಿ: ‘ಮನೇಲಿ ಎಲ್ಲರೂ ಹುಷಾರಾಗಿದ್ದಾರೇನಪ್ಪಾ?’ ಉತ್ತರ ‘ಇಲ್ಲ’ ಎಂದಾದರೆ ತಪ್ಪಿದ ಪಾಠದ ನೋಟ್ಸ್ ಕೊಡಿಸಿ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಯೋಜಕತ್ವದ ಅರ್ಜಿ ಬರೆಯಲು ಜೊತೆಗೆ ಕೂರಿ.