ಪತ್ರಾಸಿನಲ್ಲಿ ಕಲ್ನಾರು ಇದೆಯೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಮೇಲ್ಮುದ್ದೆ ಮನೆಗಳು ಇನ್ನೂ ನಿಂತಿವೆ. ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಮಳೆಗಾಲ ಬರುವ ಮುಂಚೆ ಆ ಮಾಳಿಗೆಗೆ ಮತ್ತೆ ಮಣ್ಣು ಏರಿಸಬೇಕು. ಅದಕ್ಕೆ ಆಳು ಸಿಗದ ಕಾಲ ಬಂದಾಗ ಚಾವಣಿಗೆ ಹೊದಿಸುವ ತೆಳು ಹಾಳೆ, ಅಂದರೆ ಪತ್ರಾಸು ಬಂತು. ಮೊದಲು ದನದ ಕೊಟ್ಟಿಗೆಗೆ, ಆಮೇಲೆ ಅಡುಗೆಮನೆಗೆ, ಕೊನೆಗೆ ಮಲಗುವ ಕೋಣೆಗೂ. ಕೆಲವರು ಕಬ್ಬಿಣದ ತಗಡು ಹಾಕಿಸಿದರು, ಕೆಲವರು ಬೂದು ಬಣ್ಣದ ಸಿಮೆಂಟ್ ಪತ್ರಾಸು. ಈ ಅಧ್ಯಾಯ ಸಿಮೆಂಟ್ ಪತ್ರಾಸಿನ ಕುರಿತದ್ದು.

ಸಿಮೆಂಟ್ ಒಂದನ್ನೇ ಅಷ್ಟು ತೆಳ್ಳಗೆ ಹಾಸಿ ಒಣಗಿಸಿದರೆ ಅದು ಹಪ್ಪಳದ ಹಾಗೆ ಮುರಿಯುತ್ತದೆ. ಮುರಿಯದಂತೆ ಒಳಗೆ ಹಿಡಿದಿಡಲು ಬೆರೆಸುವ ನಾರೇ ಆಸ್ಬೆಸ್ಟಾಸ್. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎನ್ನುತ್ತಾರೆ. ನನಗೆ ಈ ಹೆಸರೇ ಸರಿ ಅನ್ನಿಸುತ್ತದೆ, ಏಕೆಂದರೆ ಅದು ನಿಜಕ್ಕೂ ಕಲ್ಲು, ನಿಜಕ್ಕೂ ನಾರು. ನಮ್ಮದೇ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲಿ ಇದು ಸಿಗುತ್ತದೆ. ಈಗ ಭಾರತದಲ್ಲಿ ಅದರ ಗಣಿಗಾರಿಕೆ ಇಲ್ಲ. ಪತ್ರಾಸಿಗೆ ಬೇಕಾದ ಬಿಳಿ ಕಲ್ನಾರು ರಷ್ಯಾ, ಕಜಕಿಸ್ತಾನದಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ.

ಹತ್ತಿಯ ನಾರು ಸೀಳಿದಷ್ಟೂ ಒಂದು ಹಂತಕ್ಕೆ ನಿಲ್ಲುತ್ತದೆ. ಕಲ್ನಾರು ಹಾಗಲ್ಲ, ಸೀಳುತ್ತಲೇ ಹೋಗುತ್ತದೆ. ಕೊನೆಯ ಎಳೆ ನಮ್ಮ ತಲೆಗೂದಲಿಗಿಂತ ಸಾವಿರಾರು ಪಟ್ಟು ಸಣ್ಣದು. ಕಣ್ಣಿಗೆ ಕಾಣದು, ಮೂಗಿಗೆ ವಾಸನೆ ಬಾರದು, ಕೆಮ್ಮೂ ಬರಿಸದು. ಉಸಿರಿನೊಡನೆ ಪುಪ್ಪುಸದ ಆಳಕ್ಕೆ ಹೋದದ್ದನ್ನು ದೇಹ ಕರಗಿಸಲಾರದು. ಅದರಿಂದ ಬರುವ ಪುಪ್ಪುಸದ ಕ್ಯಾನ್ಸರ್, ಪುಪ್ಪುಸದ ಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಹೆಚ್ಚಾಗಿ 20-40 ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕಲ್ನಾರಿನ ಕಾರ್ಖಾನೆಗಳಿಗೆ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಕಾಪಾಡಿ ಎಂದು ಆದೇಶಿಸಿದ್ದು ಈ ಕಾರಣಕ್ಕೇ. ಯುರೋಪಿನ ಒಕ್ಕೂಟ 2005ರಲ್ಲಿ, ಒಂದು ಕಾಲಕ್ಕೆ ಜಗತ್ತಿಗೆಲ್ಲ ಇದನ್ನು ಮಾರಿದ ಕೆನಡಾ 2018ರಲ್ಲಿ ಇದರ ಬಳಕೆ ನಿಲ್ಲಿಸಿದವು. ಕೇರಳದ ಮಾನವ ಹಕ್ಕುಗಳ ಆಯೋಗ 2009ರಲ್ಲೇ ಶಾಲೆಗಳ ಇಂಥ ಚಾವಣಿ ತೆಗೆಯಲು ಹೇಳಿತ್ತು. ನಮ್ಮ ಅಂಗಡಿಗಳಲ್ಲಿ ಪತ್ರಾಸು ಇಂದಿಗೂ ಸಿಗುತ್ತದೆ.

ಹಾಗಾದರೆ ನಮ್ಮ ಮನೆಯದರಲ್ಲಿ ಕಲ್ನಾರು ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಊರಿನಲ್ಲಿ ಥಟ್ಟನೆ ಬರುವ ಮಾತು, "ಒಂದು ತುಂಡು ಮುರದು ಬೆಂಕ್ಯಾಗ ಹಾಕಿ ನೋಡ್ರಿ" ಎಂಬುದು. ದಯವಿಟ್ಟು ಬೇಡ. ಗಾಜಿನ ನಾರೂ ಸುಡುವುದಿಲ್ಲ, ಆದ್ದರಿಂದ ಬೆಂಕಿ ಏನನ್ನೂ ಹೇಳುವುದಿಲ್ಲ. ಮೇಲಾಗಿ ಕಾದ ಸಿಮೆಂಟ್ ಪತ್ರಾಸು ಸಿಡಿದು ಚೂರು ಹಾರುತ್ತದೆ. ಒಡೆದ ಪತ್ರಾಸನ್ನು ಒಲೆಗೆ ಗಾಳಿಮರೆಯಾಗಿ ನಿಲ್ಲಿಸುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಮೊದಲು ಮಾಡಬೇಕಾದದ್ದು ಓದುವ ಕೆಲಸ. ಪತ್ರಾಸಿನ ಮೇಲೆ ಐಎಸ್ಐ ಗುರುತಿನ ಜೊತೆ ಐಎಸ್ 459 ಎಂದು ಅಚ್ಚಾಗಿದ್ದರೆ ಮುಗಿಯಿತು. ಅದು ಆಸ್ಬೆಸ್ಟಾಸ್ ಸಿಮೆಂಟ್ ಪತ್ರಾಸಿಗೆಂದೇ ಇರುವ ಭಾರತೀಯ ಮಾನಕ. ಅಚ್ಚು ಅಳಿಸಿಹೋದ ಹಳೆಯ ಬೂದು ಪತ್ರಾಸಾದರೆ ಕಲ್ನಾರು ಇದೆ ಎಂದೇ ತಿಳಿದು ನಡೆಯಿರಿ. ಅದಕ್ಕೆ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ಅಗತ್ಯ ಬಹುತೇಕ ಇಲ್ಲ. ಪರೀಕ್ಷೆ ಬೇಕಾಗುವುದು ನೋಡಿ ಹೇಳಲಾಗದ ಸಾಮಾನುಗಳಿಗೆ: ಅಡ್ಡಗೋಡೆಯ ಹಲಗೆ, ಒಳಮಾಳಿಗೆಗೆ ಹೊಡೆದ ಬೋರ್ಡು, ಹಳೆಯ ಭಟ್ಟಿಗೆ ಸುತ್ತಿದ ಬಿಳಿ ಹಗ್ಗ, ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಬರ್ನರ್ ಮೇಲಿಡುವ ತಂತಿಜಾಲರಿಯ ನಡುವಿನ ಬಿಳಿ ವೃತ್ತ.

ತುಣುಕು ತೆಗೆಯುವಾಗಲೇ ಧೂಳು ಏಳುತ್ತದೆ. ಗಾಳಿ ಇಲ್ಲದ ಹೊತ್ತು ನೋಡಿ, ಮಕ್ಕಳನ್ನು ದೂರ ಕಳಿಸಿ. ನೀರಿಗೆ ಎರಡು ಹನಿ ಸೋಪು ಬೆರೆಸಿ ಆ ಜಾಗವನ್ನು ಚೆನ್ನಾಗಿ ನೆನೆಸಿ. ಮುಖಕ್ಕೆ ಬಿಗಿಯಾಗಿ ಕೂಡುವ, ಸಣ್ಣ ಧೂಳು ತಡೆಯುವ ಮಾಸ್ಕ್ ಬೇಕು. ಟವೆಲ್ ಕಟ್ಟಿಕೊಂಡರೆ ಸಾಲದು. ಮೊದಲೇ ಒಡೆದ ಅಂಚಿನಿಂದ ಉಗುರಿನಷ್ಟು ಚೂರನ್ನು ಇಕ್ಕಳದಲ್ಲಿ ಹಿಡಿದು ತೆಗೆಯಿರಿ. ಗರಗಸ, ಕಟ್ಟರ್ ಮಷೀನು ಮುಟ್ಟಲೇಬೇಡಿ. ಚೂರನ್ನು ಒಂದರೊಳಗೊಂದು ಎರಡು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎಲ್ಲಿಂದ ತೆಗೆದದ್ದು ಎಂದು ಮೇಲೆ ಬರೆಯಿರಿ. ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಬೇರೊಂದು ಚೀಲಕ್ಕೆ ಹಾಕಿ ಕಟ್ಟಿ. ಇದಕ್ಕೆಲ್ಲ ಪುರುಸೊತ್ತಿಲ್ಲವೆಂದರೆ ತುಣುಕು ತೆಗೆಯದಿರುವುದೇ ಲೇಸು.

ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ, ಈ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಆ ಚೂರನ್ನು ಕಳಿಸಬೇಕು. ಅಲ್ಲಿ ನಡೆಯುವುದು ಬೆರಗಿನ ಕೆಲಸ. ಆಮ್ಲದಲ್ಲಿ ಸಿಮೆಂಟಿನ ಸುಣ್ಣ ಕರಗಿ ಎಳೆಗಳು ಉಳಿಯುತ್ತವೆ. ಸೂಜಿಯಿಂದ ಎಳೆ ಬಿಡಿಸಿ ವಿಶೇಷ ಎಣ್ಣೆಯಲ್ಲಿಟ್ಟು, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಿನ್ನೆಲೆ ಕಗ್ಗತ್ತಲು. ಗಾಜಿನ ನಾರಾದರೆ ಆ ಕತ್ತಲಲ್ಲಿ ಕತ್ತಲಾಗಿಯೇ ಇರುತ್ತದೆ. ಕಲ್ನಾರು ಹೊಳೆಯುತ್ತದೆ, ಕೆಳಗಿನ ತಟ್ಟೆಯನ್ನು ತಿರುಗಿಸಿದರೆ ಪ್ರತಿ ಕಾಲು ಸುತ್ತಿಗೊಮ್ಮೆ ಪೂರ್ತಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಹತ್ತಿಯೂ ಹೊಳೆಯುತ್ತದೆ ನಿಜ, ಆದರೆ ಅದು ತಿರುಚಿದ ಲಾಡಿಯಂತೆ ಕಾಣುತ್ತದೆ, ಪೂರ್ತಿ ಆರುವುದಿಲ್ಲ. ಎಣ್ಣೆಯಲ್ಲಿ ಎಳೆ ತೋರುವ ನೇರಳೆ, ನೀಲಿ ಛಾಯೆಯಿಂದ ಯಾವ ಜಾತಿಯ ಕಲ್ನಾರು ಎಂಬುದೂ ತಿಳಿಯುತ್ತದೆ. ಅದಕ್ಕೂ ಸಿಗದಷ್ಟು ಸಣ್ಣ ಎಳೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು.

ಇದೆ ಎಂದು ವರದಿ ಬಂದರೆ ಆ ರಾತ್ರಿಯೇ ಮನೆ ಬಿಡಬೇಕಿಲ್ಲ. ಒಡೆಯದ, ಗಟ್ಟಿಯಾದ ಪತ್ರಾಸಿನಲ್ಲಿ ಸಿಮೆಂಟು ನಾರನ್ನು ಹಿಡಿದಿಟ್ಟಿರುತ್ತದೆ. ಕೊರೆದಾಗ, ಕೊಯ್ದಾಗ, ಉಜ್ಜಿದಾಗ ಅದು ಬಿಡುಗಡೆಯಾಗುತ್ತದೆ. ನಮ್ಮ ಕಡೆ ಉಜ್ಜುವ ಕಾಲವೆಂದರೆ ಬೇಸಿಗೆ. ಬಿಸಿಲು 40 ಡಿಗ್ರಿ ದಾಟಿದಾಗ ತಂಪಿಗೆಂದು ಪತ್ರಾಸಿಗೆ ಸುಣ್ಣ ಬಳಿಯುತ್ತಾರೆ. ಬಳಿಯುವುದು ಒಳ್ಳೆಯದೇ. ಅದಕ್ಕೆ ಮುಂಚೆ ತಂತಿ ಬ್ರಷ್ಷಿನಿಂದ ಪಾಚಿ ಕೆರೆದು, ಒಣ ಪೊರಕೆಯಿಂದ ಗುಡಿಸುವುದು ಅಪಾಯ. ಕೆರೆಯಬೇಡಿ, ನೀರು ಚಿಮುಕಿಸಿ, ಉದ್ದನೆಯ ಕೋಲಿಗೆ ಕಟ್ಟಿದ ಬ್ರಷ್ಷಿನಿಂದ ಏಣಿಯ ಮೇಲೆ ನಿಂತು ಬಳಿಯಿರಿ. ಪತ್ರಾಸಿನ ಮೇಲೆ ಕಾಲಿಟ್ಟರೆ ಅದು ಮುರಿದು ಕೆಳಗೆ ಬೀಳುವ ಭಯ ಬೇರೆ ಇದೆ. ಹಳೆಯ ಪತ್ರಾಸಿನ ಮೇಲ್ಮೈ ಸವೆದು ಉದುರುವ ನಾರು ಮಳೆನೀರಿನೊಡನೆ ಇಳಿಯುವುದರಿಂದ, ಸೂರಿನ ಕೆಳಗೆ ಹನಿ ಬಿದ್ದು ಗೆರೆಯಾದ ಮಣ್ಣಿನಲ್ಲಿ ಮಕ್ಕಳನ್ನು ಆಡಬಿಡಬೇಡಿ. ಅಲ್ಲಿ ಎರಡು ಪರಸಿ ಕಲ್ಲು ಹಾಸಿಬಿಟ್ಟರೆ ಆ ಮಣ್ಣು ಒಣಗಿ ಮೇಲೇಳುವುದು ತಪ್ಪುತ್ತದೆ.