ಕಡಿಮೆ ಖರ್ಚಿನಲ್ಲಿ ಹಿತ್ತಲಿಗೆ ಪೊದೆಗಿಡ

ಈ ಸಲದ ಗೋಡೆ ಪತ್ರಿಕೆಗೆ ನಾನು ಹಿತ್ತಲಲ್ಲಿ ನೆಡುವ ಪೊದೆಗಿಡಗಳ ಬಗ್ಗೆ ಬರೆದಿದ್ದೇನೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಗಿಡ ಎಲ್ಲಿಂದ ತರಬೇಕು, ಹೇಗೆ ಬೆಳೆಸಬೇಕು ಎಂಬುದೇ ಇದರ ವಿಷಯ.

ಗಿಡ ಏಕೆ ಬೇಕು?

ನಮ್ಮ ಮನೆಯ ಹಿತ್ತಲು ಇಳಿಜಾರು. ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿಕೊಂಡು ಪಕ್ಕದ ಹೊಲಕ್ಕೆ ಹೋಗುತ್ತಿತ್ತು. ಹೋದ ವರ್ಷ ಮುಂಗಾರಿನಲ್ಲಿ ಅಡುಗೆಮನೆಯ ಪಾಯದ ಕಲ್ಲೇ ಕಾಣಿಸಿತು. ಕಲ್ಲಿನ ತಡೆಗೋಡೆ ಕಟ್ಟಿಸಲು ನಮ್ಮ ಹತ್ತಿರ ಹಣವಿರಲಿಲ್ಲ. ಪೊದೆಗಿಡದ ಬೇರು ಬಲೆಯ ಹಾಗೆ ಹರಡಿ ಮೇಲ್ಮಣ್ಣನ್ನು ಹಿಡಿಯುತ್ತದೆ. ಎಲೆಗಳು ಮಳೆಹನಿಯ ಪೆಟ್ಟನ್ನು ತಡೆಯುತ್ತವೆ. ಗೋಡೆಯ ಹತ್ತಿರ ದೊಡ್ಡ ಮರ ಹಾಕಿದರೆ ಅದರ ಬೇರು ಪಾಯಕ್ಕೇ ನುಗ್ಗಬಹುದು, ಆದ್ದರಿಂದ ಪೊದೆಯೇ ಒಳ್ಳೆಯದು. ಜೊತೆಗೆ ನಮ್ಮಮ್ಮ ಹೂ ಕಟ್ಟಿ ಮಾರುತ್ತಾರೆ. ಮಣ್ಣೂ ಉಳಿಯಬೇಕು, ಹೂವೂ ಸಿಗಬೇಕು ಅಂತ ಯೋಚನೆ ಮಾಡಿದೆವು.

ಲೆಕ್ಕ

ನಮ್ಮ ಹಿತ್ತಲ ಉದ್ದ 30 ಅಡಿ. ಎರಡೂವರೆ ಅಡಿಗೆ ಒಂದು ಗಿಡ ಎಂದರೆ ಒಂದು ಸಾಲಿಗೆ 13. ಎರಡು ಸಾಲಿಗೆ 26. ನಾವು ವಿಚಾರಿಸಿದಾಗ ಗಿಡಕ್ಕೆ 60 ರೂಪಾಯಿ ಹೇಳಿದರು. 26 ಗಿಡಕ್ಕೆ 1560 ರೂಪಾಯಿ ಆಯ್ತು! ಅಮ್ಮ ಎತ್ತಿಟ್ಟಿದ್ದು ಬರೀ 300.

ಎಲ್ಲಿ ಕೊಳ್ಳಬೇಕು?

ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಶುರು ಮಾಡಿದನೆಂದು ಪಾಠದಲ್ಲಿ ಓದಿದ್ದೇವೆ. ಅಲ್ಲಿ ನರ್ಸರಿಯವರ ಸಹಕಾರ ಸಂಘವಿದ್ದು, ಗಿಡ ಮಾರುತ್ತಾರೆ. ತೋಟದ ಪಕ್ಕದ ಸಿದ್ದಾಪುರವೂ ಹಿಂದಿನಿಂದ ನರ್ಸರಿಗಳಿಗೆ ಹೆಸರಾದ ಜಾಗ. ನಾನೂ ಅಮ್ಮನೂ ಬನಶಂಕರಿವರೆಗೆ ಹೋಗಿ ಅಲ್ಲಿಂದ ಬಸ್ ಬದಲಾಯಿಸಿದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲವಲ್ಲ!

ಕೊಳ್ಳುವಾಗ ಈ ಮೂರು ಮಾತು ನೆನಪಿಡಿ.

1. ಕುಂಡದಲ್ಲಿರುವುದು ಬೇಡ, ಕವರಿನಲ್ಲಿರುವ ಚಿಕ್ಕ ಗಿಡ ತಗೊಳ್ಳಿ. ಹೂ ಬಿಟ್ಟ ದೊಡ್ಡ ಗಿಡಕ್ಕೆ ಬೆಲೆ ಜಾಸ್ತಿ.

2. ಎಲೆಯ ಕೆಳಗಡೆ ನೋಡಿ. ಬಿಳಿ ಹಿಟ್ಟಿನ ಹಾಗೆ ಅಂಟಿದ್ದರೆ ಅದು ಹಿಟ್ಟು ತಿಗಣೆ. ದಾಸವಾಳಕ್ಕೆ ಇದರ ಕಾಟ ಹೆಚ್ಚು. ಒಂದು ಗಿಡದಿಂದ ಎಲ್ಲಕ್ಕೂ ಹರಡುತ್ತೆ.

3. ಒಟ್ಟಿಗೆ ಕೊಂಡರೆ ಕಡಿಮೆಗೆ ಬರುತ್ತೆ. "ಅಣ್ಣಾ, ಹತ್ತು ಗಿಡ ತಗೊಂಡ್ರೆ ಎಷ್ಟಕ್ಕೆ ಕೊಡ್ತೀರ?" ಎಂದು ಕೇಳಲು ನಾಚಿಕೆ ಬೇಡ. ನಾಲ್ಕು ಮನೆಯವರು ಸೇರಿ ಕೊಳ್ಳಬಹುದು.

ಕೊಳ್ಳದೆ ಸಿಗುವ ಗಿಡಗಳು

ನಾವು ಕೊಂಡದ್ದು ಮೂರೇ ಗಿಡ. ಉಳಿದದ್ದು ಕಡ್ಡಿಯಿಂದ ಬಂತು. ನಮ್ಮ ಮಾವ ಜಯನಗರದಲ್ಲಿ ಮಾಲಿ ಕೆಲಸ ಮಾಡುತ್ತಾರೆ. ಜಯನಗರ 1948ರಲ್ಲಿ ಶುರುವಾದ ಬಡಾವಣೆ. ಅಲ್ಲಿನ ಹಳೇ ಮನೆಗಳ ಮುಂದೆ ಕೈತೋಟಗಳಿವೆ. ಮಳೆಗಾಲ ಹಿಡಿದಾಗ ಗಿಡ ಸವರಿ ಕಡ್ಡಿಗಳನ್ನು ಕಸಕ್ಕೆ ಹಾಕುತ್ತಾರೆ. ಮಾವ ಮನೆಯವರನ್ನು ಕೇಳಿ ಅವನ್ನೇ ಕಟ್ಟು ಕಟ್ಟಿ ತಂದರು. ಪೇಟೆಯವರ ಕಸ ನಮ್ಮ ಹಿತ್ತಲಿಗೆ ಕಾಸು! ಆದರೆ ಕೇಳದೆ ಯಾರ ಬೇಲಿಯಿಂದಲೂ ಮುರಿಯಬಾರದು.

ದಾಸವಾಳ, ನಂದಿಬಟ್ಟಲು, ಗೋರಂಟಿ ಕಡ್ಡಿಯಿಂದ ಬರುತ್ತವೆ. ಮಲ್ಲಿಗೆಯ ಉದ್ದನೆ ರೆಂಬೆಯನ್ನು ನೆಲಕ್ಕೆ ಬಾಗಿಸಿ ಮಣ್ಣು ಮುಚ್ಚಿದರೆ ಅಲ್ಲೇ ಬೇರು ಬಿಡುತ್ತದೆ. ಕರಿಬೇವಿನ ಬುಡದಲ್ಲಿ ಏಳುವ ಮರಿಗಳನ್ನು ಬೇರು ಸಮೇತ ಕಿತ್ತು ನೆಡಬಹುದು. ಆಡುಸೋಗೆ, ಲಕ್ಕಿ ನಮ್ಮೂರ ಹಳ್ಳದ ದಂಡೆಯಲ್ಲೇ ಇವೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಇದ್ದರೂ ಆಡುಸೋಗೆಯ ತಂಟೆಗೆ ಆಡುಗಳು ಸಾಮಾನ್ಯವಾಗಿ ಹೋಗುವುದಿಲ್ಲ. ಅದಕ್ಕೇ ಹೊರಗಿನ ಸಾಲಿಗೆ ಆಡುಸೋಗೆ, ಒಳಗಿನ ಸಾಲಿಗೆ ಹೂಗಿಡ ಹಾಕಿದೆವು.

ಕಡ್ಡಿ ನೆಡುವ ಕ್ರಮ

ತೀರಾ ಎಳೆಯದೂ ಅಲ್ಲದ, ಬಲಿತು ಮರವಾದದ್ದೂ ಅಲ್ಲದ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ಒಂದು ಗೇಣು ಉದ್ದ, ನಾಲ್ಕೈದು ಗೆಣ್ಣು ಇರಲಿ. ಕೆಳಗಡೆ ಗೆಣ್ಣಿನ ಸ್ವಲ್ಪ ಕೆಳಕ್ಕೆ ಓರೆಯಾಗಿ, ಮೇಲ್ಗಡೆ ನೇರವಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಭಯವಿಲ್ಲ. ಮೇಲೆ ಒಂದೆರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ, ಇಲ್ಲದಿದ್ದರೆ ಎಲೆಯಿಂದ ನೀರು ಆವಿಯಾಗಿ ಬೇರು ಬರುವ ಮೊದಲೇ ಕಡ್ಡಿ ಒಣಗುತ್ತೆ. ಹಾಲಿನ ಕವರಿಗೆ ತೂತು ಮಾಡಿ, ಕೆಂಪುಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ತುಂಬಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ನೆರಳಲ್ಲಿಡಿ. ಮಣ್ಣು ತೇವ ಇರಲಿ, ನೀರು ನಿಲ್ಲಬಾರದು. ಚಿಗುರು ಬಂತೆಂದು ಕಿತ್ತು ನೋಡಬೇಡಿ! ಬೇರು ಬರಲು ಒಂದೂವರೆ ತಿಂಗಳಾದರೂ ಬಿಡಬೇಕು.

ಎಚ್ಚರಿಕೆ

ಕಣಗಿಲೆ ಕಡ್ಡಿಯಿಂದ ಸುಲಭವಾಗಿ ಬರುತ್ತೆ, ಆದರೆ ಗಿಡವೆಲ್ಲ ವಿಷ. ದನ ಕಟ್ಟುವ ಕಡೆ, ಚಿಕ್ಕ ಮಕ್ಕಳಿರುವ ಕಡೆ ಬೇಡ. ಲಂಟಾನವನ್ನೂ ಹಾಕಬೇಡಿ. ಅಮೆರಿಕ ಖಂಡದಿಂದ ಬಂದ ಈ ಗಿಡ ಕಾಡನ್ನೆಲ್ಲ ಆಕ್ರಮಿಸಿದೆ. ಅದರ ಸೊಪ್ಪೂ ದನಗಳಿಗೆ ವಿಷ.

ನಮಗೆ ಏನಾಯಿತು?

ಹೋದ ಜುಲೈನಲ್ಲಿ 36 ಕಡ್ಡಿ ಹಾಕಿದೆವು, 27 ಬದುಕಿದವು. ಕೊಂಡ ಮೂರೂ ಸೇರಿ 30. ಖರ್ಚು 180 ರೂಪಾಯಿ. ಸೆಪ್ಟೆಂಬರಿನಲ್ಲಿ ಪಾಯಕ್ಕೆ ಮಣ್ಣು ತುಂಬಿ ಗಿಡ ನೆಟ್ಟೆವು. ಬೇರು ಹಿಡಿಯುವವರೆಗೆ ಇಳಿಜಾರಿಗೆ ಅಡ್ಡಲಾಗಿ ತೆಂಗಿನ ಗರಿ, ಕಲ್ಲು ಇಟ್ಟಿದ್ದೆವು. ಈ ವರ್ಷದ ಮಳೆಗೆ ಒಂದೆರಡು ಕಡೆ ಮಣ್ಣು ಜಾರಿದ್ದರೂ ಪಾಯದ ಕಲ್ಲು ಕಾಣಿಸಿಲ್ಲ. ದಾಸವಾಳ ದಿನಾ ಪೂಜೆಗೆ ಸಿಗುತ್ತಿದೆ. ಮಲ್ಲಿಗೆ ಮಾರುವಷ್ಟು ಆಗಲು ಇನ್ನೂ ಕಾಯಬೇಕು.

ಹೆಚ್ಚಾದ ನಾಲ್ಕು ಗಿಡಗಳನ್ನು ಶಾಲೆಯ ನೀರಿನ ತೊಟ್ಟಿ ಹಿಂದೆ ನೆಡಲು ಗುರುಗಳು ಒಪ್ಪಿದ್ದಾರೆ. ಮುಂದಿನ ಜೂನ್‌ನಲ್ಲಿ ಕಡ್ಡಿ ಬೇಕಾದವರು ಖಾಲಿ ಹಾಲಿನ ಕವರು ತೊಳೆದು ಈಗಿನಿಂದಲೇ ಕೂಡಿಡಿ, ಕಡ್ಡಿ ನಾನು ಕೊಡುತ್ತೇನೆ.

— 9ನೇ ತರಗತಿಯ ವಿದ್ಯಾರ್ಥಿನಿ